ಹೋದ ದಿನ ಹಾಳಾಗಬಾರದು: ದಾವಣಗೆರೆಯಲ್ಲಿ ಉಚಿತ ಚಿಕಿತ್ಸೆ, ಹಲ್ಲಿನ ಚಿಕಿತ್ಸೆ ಪಡೆಯುವ ದಾರಿ

ದಾವಣಗೆರೆಯಲ್ಲಿ ದುಡ್ಡಿಲ್ಲದವರಿಗೆ ಡಾಕ್ಟರೇ ಸಿಗುವುದಿಲ್ಲ ಎನ್ನುವ ಹಾಗಿಲ್ಲ. ಊರೆಲ್ಲ ಸಿ.ಜಿ. ಆಸ್ಪತ್ರೆ ಎಂದು ಕರೆಯುವ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆ, ಬೈಪಾಸ್ ಕಡೆಯ ಎಸ್.ಎಸ್. ಹೈಟೆಕ್ ಇವೆ. ಹಲ್ಲಿಗಂತೂ ಎರಡು ಕಾಲೇಜುಗಳು: ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ 1979ರಿಂದ ನಡೆಯುತ್ತಿರುವ ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಪೆವಿಲಿಯನ್ ರಸ್ತೆಯಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಇವುಗಳ ಜೊತೆಗೆ ವಾರಕ್ಕೊಂದು ದಿನವೋ ಎರಡು ದಿನವೋ ಬಾಗಿಲು ತೆರೆಯುವ ಟ್ರಸ್ಟಿನ ಕ್ಲಿನಿಕ್ಕುಗಳು, ಮಠಗಳ, ಲಯನ್ಸ್ ಮತ್ತು ರೋಟರಿಯವರ ಶಿಬಿರಗಳು.

ಆದರೂ ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದ ಕೂಲಿ ಬಿಟ್ಟು ಬಂದವರು ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ವಾಪಸ್ ಬಸ್ಸು ಕಾಯುತ್ತಾ ಕೂತಿರುತ್ತಾರೆ. ಕೇಳಿದರೆ, ‘ಇವತ್ತು ಹಲ್ಲಿನ ಡಾಕ್ಟ್ರು ಬರಲ್ವಂತೆ’, ‘ಶುಗರ್ ಜಾಸ್ತಿ ಐತಿ, ಇಳಿಸ್ಕೊಂಡು ಬರ್ರಿ ಅಂದ್ರು’, ‘ಹಳೇ ಚೀಟಿ ತರ್ಬೇಕಿತ್ತಂತೆ’. ಡಾಕ್ಟರ ಫೀಸು ಉಳಿಯಿತು, ಒಂದು ದಿನದ ಕೂಲಿ ಹೋಯಿತು. ಹೀಗೆ ಎರಡು ಸಲವಾದರೆ ಮೂರನೇ ಸಲ ಯಾರೂ ಬರುವುದಿಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ನುಂಗುತ್ತಾ ಕಾಲ ಹಾಕುತ್ತಾರೆ. ಬಂದ ದಿನ ಕೆಲಸ ಆಗಬೇಕಾದರೆ ಏನು ಮಾಡಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಮೊದಲು: ಯಾವ ತೊಂದರೆಗೆ ಯಾವ ಬಾಗಿಲು

ಟ್ರಸ್ಟಿನ ಉಚಿತ ಕ್ಲಿನಿಕ್ಕಿನಲ್ಲಿ ಕೂರುವವರು ತಮ್ಮ ಸ್ವಂತ ಪ್ರಾಕ್ಟೀಸಿನ ನಡುವೆ ಬಿಡುವು ಮಾಡಿಕೊಂಡು ಬರುವ ಡಾಕ್ಟರು. ಜ್ವರ, ಕೆಮ್ಮು, ಕಜ್ಜಿ, ಮಂಡಿನೋವು, ಬಿ.ಪಿ., ಶುಗರ್ ನೋಡಿಸುವುದಕ್ಕೆ ಅದು ಸರಿಯಾದ ಜಾಗ. ಅಲ್ಲಿ ಹಲ್ಲಿನ ಕುರ್ಚಿಯೊಂದು ಇದ್ದರೆ ಹುಳುಕು ನೋಡುವುದು, ಕ್ಲೀನಿಂಗ್, ಸಣ್ಣ ಸಿಮೆಂಟು, ಅಲ್ಲಾಡುವ ಹಲ್ಲು ಕೀಳುವುದು ಆಗಬಹುದು. ರೂಟ್ ಕೆನಾಲ್, ಹಲ್ಲಿನ ಸೆಟ್, ಒಳಗೆ ಅಡ್ಡ ಬೆಳೆದ ಬುದ್ಧಿಹಲ್ಲು ಇಂಥವಕ್ಕೆ ನೇರವಾಗಿ ದಂತ ಕಾಲೇಜಿಗೆ ಹೋಗುವುದೇ ಲೇಸು. ಕ್ಲಿನಿಕ್ಕಿಗೆ ಹೋದರೂ ಅಲ್ಲಿಂದ ಕಾಲೇಜಿಗೇ ಕಳಿಸುತ್ತಾರೆ, ನಡುವೆ ಒಂದು ದಿನ ಹೋಗುತ್ತದೆ.

ಪೇಟೆಯೊಳಗೆ ಇರುವವರಿಗೆ 2022ರ ಡಿಸೆಂಬರಿನಿಂದ ರಾಜ್ಯದ ನಗರಗಳಲ್ಲಿ ಶುರುವಾದ ‘ನಮ್ಮ ಕ್ಲಿನಿಕ್’ ಇದೆ, ಹಳ್ಳಿಯವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ. ಬಿ.ಪಿ., ಶುಗರ್ ಗುಳಿಗೆಯನ್ನು ಪ್ರತಿ ತಿಂಗಳೂ ಇಸಿದುಕೊಳ್ಳಲು ಅಷ್ಟು ದೂರ ಬರಬೇಕಿಲ್ಲ, ಮನೆ ಹತ್ತಿರದ ಈ ಜಾಗಗಳೇ ಸಾಕು. ಚಿತ್ರದುರ್ಗ, ಹೊಳಲ್ಕೆರೆ, ಚಳ್ಳಕೆರೆ ಕಡೆಯವರು ಹಲ್ಲಿಗಾಗಿ ದಾವಣಗೆರೆವರೆಗೆ ಬರಬೇಕೆಂದೂ ಇಲ್ಲ. ಚಿತ್ರದುರ್ಗದಲ್ಲೇ ಜಿಲ್ಲಾ ಆಸ್ಪತ್ರೆ ಇದೆ, ಎಸ್.ಜೆ.ಎಂ. ದಂತ ಕಾಲೇಜು ಇದೆ.

ಇನ್ನು ಕೆಲವು ತೊಂದರೆಗಳಿಗೆ ಟೋಕನ್ನು, ಸಾಲು, ವಾರದ ದಿನ ಯಾವುದನ್ನೂ ಕಾಯಬಾರದು. ಎದೆನೋವು, ಬಾಯಿ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಹಾವು ಕಡಿತ: 108ಕ್ಕೆ ಫೋನ್ ಮಾಡಿ. ಹಲ್ಲಿನಲ್ಲೂ ಇಂಥದ್ದೊಂದಿದೆ, ಅದನ್ನು ಜನ ಲಘುವಾಗಿ ನೋಡುತ್ತಾರೆ. ಕೆಳಗಿನ ಹಲ್ಲು ನೋಯುತ್ತಿದ್ದು, ಗದ್ದದ ಕೆಳಗೆ ಅಥವಾ ಕುತ್ತಿಗೆಗೆ ಬಾವು ಇಳಿದು, ಜ್ವರ ಬಂದು, ಉಗುಳು ನುಂಗಲು ಕಷ್ಟವಾದರೆ ಅದು ಕೀವು ಕೆಳಕ್ಕೆ ಹರಡುತ್ತಿರುವ ಗುರುತು. ಉಸಿರಿಗೇ ಅಡ್ಡ ಬರಬಹುದು. ಆವತ್ತೇ, ರಾತ್ರಿಯಾದರೂ, ಸಿ.ಜಿ. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬಾವಿನ ಮೇಲೆ ಬಿಸಿ ಶಾಖ ಕೊಡುತ್ತಾ ಕೂರಬೇಡಿ.

ಮನೆ ಬಿಡುವ ಹಿಂದಿನ ದಿನ

ಟ್ರಸ್ಟಿನ ಕ್ಲಿನಿಕ್ಕಿಗೆ ಹೋಗುವುದಾದರೆ ಮೊದಲೇ ಮೂರು ವಿಷಯ ತಿಳಿದುಕೊಳ್ಳಿ. ನಿಮಗೆ ಬೇಕಾದ ಡಾಕ್ಟರು ವಾರದ ಯಾವ ದಿನ ಬರುತ್ತಾರೆ? ಟೋಕನ್ ಎಷ್ಟು ಗಂಟೆಗೆ ಕೊಡುತ್ತಾರೆ, ಎಷ್ಟು ಜನರಿಗೆ? ಉಚಿತ ಎಂದರೆ ನೋಡುವುದು ಮಾತ್ರವೋ, ಗುಳಿಗೆ, ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲವೂ ಸೇರಿಯೋ? ಫೋನ್ ನಂಬರ್ ಗೊತ್ತಿಲ್ಲದಿದ್ದರೆ ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾವ ಊರಿನಲ್ಲಿ ಯಾವತ್ತು ಶಿಬಿರ, ಎಲ್ಲಿ ಯಾರು ನೋಡುತ್ತಾರೆ ಎಂಬ ಸುದ್ದಿ ಬ್ಯಾನರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಒಂದು ಕವರಿನಲ್ಲಿ ಆಧಾರ್, ಪಡಿತರ ಚೀಟಿ, ಎರಡರದೂ ಒಂದೊಂದು ಜೆರಾಕ್ಸ್, ಹಳೇ ಚೀಟಿಗಳು, ಎಕ್ಸ್‌ರೇ, ರಕ್ತದ ರಿಪೋರ್ಟು ಹಾಕಿಡಿ. ಆಧಾರಿಗೆ ಜೋಡಿಸಿದ ಫೋನು ಮಗನ ಹತ್ತಿರ ಬೆಂಗಳೂರಿನಲ್ಲಿದ್ದರೆ, ಓಟಿಪಿ ಬಂದಾಗ ಹೇಳಲು ಅವನಿಗೆ ಮೊದಲೇ ತಿಳಿಸಿರಿ. ಈಗ ನುಂಗುತ್ತಿರುವ ಗುಳಿಗೆಗಳನ್ನು, ಖಾಲಿಯಾದ ಸ್ಟ್ರಿಪ್ ಸಮೇತ ತನ್ನಿ. ‘ಬೆಳಗ್ಗೆ ಒಂದು ಬಿಳೇದು, ರಾತ್ರಿ ಒಂದು ಅರಿಶಿನ ಬಣ್ಣದ್ದು’ ಎಂದರೆ ಎಂಥ ದೊಡ್ಡ ಡಾಕ್ಟರಿಗೂ ಅದು ಯಾವ ಔಷಧಿ ಎಂದು ಹೇಳಲಾಗದು.

ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ ಎಂಬುದು ನೆನಪಿರಲಿ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ. ಸರ್ಕಾರಿ ಬಸ್ಸಿನ ಹೊತ್ತು ನೋಡಿಕೊಂಡು ಹೊರಟರೆ ಅಷ್ಟು ಉಳಿಯಿತು.

ತಿಂದು ಹೋಗಬೇಕೋ, ಹಸಿದು ಹೋಗಬೇಕೋ

ಇದೊಂದೇ ವಿಷಯಕ್ಕೆ ಹಾಳಾಗುವ ದಿನಗಳು ಲೆಕ್ಕವಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ ಇದ್ದರೆ ರಾತ್ರಿ ಊಟವಾದ ಮೇಲೆ 8 ಗಂಟೆ ಏನೂ ತಿನ್ನಬಾರದು. ನೀರು ಕುಡಿಯಬಹುದು, ಕಾಫಿ–ಚಹಾ ಬೇಡ. ಹಲ್ಲು ಕೀಳಿಸಲು ಹೋಗುವಾಗ ಇದಕ್ಕೆ ತಿರುಗಾಮುರುಗಾ. ಹೊಟ್ಟೆ ತುಂಬ ತಿಂಡಿ ತಿಂದೇ ಹೋಗಬೇಕು. ಹಲ್ಲು ಕೀಳುವುದೆಂದರೆ ಆಪರೇಷನ್ನು, ಆಪರೇಷನ್ನಿಗೆ ಉಪವಾಸ ಎಂದುಕೊಂಡು ಬರೀ ಹೊಟ್ಟೆಯಲ್ಲಿ ಬಂದವರಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಹೊತ್ತಿಗೆ ತಲೆಸುತ್ತು ಬರುತ್ತದೆ. ಶುಗರ್ ಗುಳಿಗೆ ನುಂಗಿ ಉಪವಾಸ ಬಂದವರ ಪಾಡು ಇನ್ನೂ ಅಪಾಯದ್ದು. ಪೂರ್ತಿ ಎಚ್ಚರ ತಪ್ಪಿಸಿ ಮಾಡುವ ಕೆಲಸವಿದ್ದರೆ ಮಾತ್ರ ಉಪವಾಸ, ಅದನ್ನು ಡಾಕ್ಟರೇ ಮೊದಲು ಹೇಳಿರುತ್ತಾರೆ.

ಬಿ.ಪಿ. ಗುಳಿಗೆಯನ್ನು ಆವತ್ತು ಬೆಳಗ್ಗೆಯೂ ತಪ್ಪಿಸಬೇಡಿ. ಕುರ್ಚಿ ಮೇಲೆ ಕೂರಿಸಿ ನೋಡಿದಾಗ ಬಿ.ಪಿ. 180/110 ದಾಟಿದ್ದರೆ ತುರ್ತಿಲ್ಲದ ಹಲ್ಲು ಕೀಳುವ ಕೆಲಸವನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೂ ಅಷ್ಟೇ, ಗಾಯ ಬೇಗ ಮಾಯುವುದಿಲ್ಲ. ಹಾಗಾಗಿ ಶುಗರ್ ಇರುವವರು ಹಲ್ಲಿನ ಡಾಕ್ಟರ ಹತ್ತಿರ ಹೋಗುವ ಮೊದಲು ಊರಿನ ಆರೋಗ್ಯ ಕೇಂದ್ರದಲ್ಲೇ ಪರೀಕ್ಷೆ ಮಾಡಿಸಿ ಆ ಚೀಟಿ ಹಿಡಿದು ಹೋದರೆ ಒಂದು ಓಡಾಟ ತಪ್ಪುತ್ತದೆ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ವಾಲ್ವ್ ಬದಲಾಯಿಸಿಕೊಂಡವರು ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿರುತ್ತಾರೆ. ಹಲ್ಲು ಕೀಳಿಸಬೇಕು, ರಕ್ತ ನಿಲ್ಲುವುದಿಲ್ಲವೇನೋ ಎಂದು ಅದನ್ನು ನೀವೇ ನಿಲ್ಲಿಸಬಾರದು. ಗುಳಿಗೆ ಬಿಟ್ಟು ಹೃದಯಕ್ಕೆ ಆಗುವ ಕೆಡುಕು ಹಲ್ಲಿನ ರಕ್ತಕ್ಕಿಂತ ದೊಡ್ಡದು. ಡಾಕ್ಟರಿಗೆ ಹೇಳಿ, ಏನು ಮಾಡಬೇಕೆಂದು ಅವರು ತೀರ್ಮಾನಿಸುತ್ತಾರೆ. ಬಸುರಿಯಾಗಿದ್ದರೆ ಅದನ್ನೂ ಮೊದಲೇ ಹೇಳಿ. ನಾಲ್ಕರಿಂದ ಆರನೇ ತಿಂಗಳು ಹಲ್ಲಿನ ಕೆಲಸಕ್ಕೆ ಅನುಕೂಲದ ಕಾಲ.

ಡಾಕ್ಟರ ಮುಂದೆ ಕೂತಾಗ

ಉಚಿತ ಕ್ಲಿನಿಕ್ಕಿನಲ್ಲಿ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತು ಹೀಗೆ ಕಳೆಯುವುದುಂಟು:

‘ಏನಜ್ಜಿ, ಏನಾಗ್ತೈತಿ?’
‘ಮೈಯೆಲ್ಲ ನೋವು ಕಣಪ್ಪ.’
‘ಎಷ್ಟು ದಿನದಿಂದ?’
‘ಬಾಳ ದಿನ ಆತು. ನಮ್ಮ ಯಜಮಾನ್ರು ತೀರ್ಕೊಂಡಾಗ್ಲಿಂದ...’

ಅಜ್ಜಿಯ ದುಃಖ ನಿಜವೇ. ಆದರೆ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತೇನೆ ಎಂಬ ಮಾತು ಹೊರಗೆ ಬರುವಷ್ಟರಲ್ಲಿ ಮುಂದಿನ ಟೋಕನ್ ಕೂಗಿಯಾಗಿರುತ್ತದೆ. ಜೊತೆಗೆ ಬಂದ ಸೊಸೆಯೋ ಮೊಮ್ಮಗನೋ ಮನೆಯಲ್ಲೇ ಎರಡು ಸಾಲು ಬರೆದುಕೊಂಡು ಬಂದರೆ ಸಾಕು: ಎಲ್ಲಿ ನೋವು, ಎಂದಿನಿಂದ, ಯಾವಾಗ ಜಾಸ್ತಿ, ಇಲ್ಲಿಯವರೆಗೆ ಏನು ತಗೊಂಡಿದ್ದೀರಿ. ಎರಡು ತೊಂದರೆ ಇದ್ದರೆ ಹೆಚ್ಚು ಕಾಡುವುದನ್ನು ಮೊದಲು ಹೇಳಿ.

ಮಾಡುವ ಕೆಲಸವನ್ನೂ ಹೇಳಿ. ಮಂಡಕ್ಕಿ ಭಟ್ಟಿಯಲ್ಲಿ ಹೊಗೆಯ ನಡುವೆ ದುಡಿಯುವವರ ಕೆಮ್ಮನ್ನು ಡಾಕ್ಟರು ಬೇರೆ ಕಣ್ಣಿನಿಂದ ನೋಡುತ್ತಾರೆ. ಗುಟ್ಕಾ, ಬೀಡಿ, ಕುಡಿತ ಮುಚ್ಚಿಡಬೇಡಿ. ಬೈಸಿಕೊಳ್ಳುವ ಸಂಕೋಚಕ್ಕೆ ಸುಳ್ಳು ಹೇಳಿದರೆ ಬರೆದುಕೊಡುವ ಔಷಧಿಯೂ ಆ ಸುಳ್ಳಿಗೇ ಹೊಂದಿಕೊಂಡಿರುತ್ತದೆ.

ದಂತ ಕಾಲೇಜು ನಡೆಯುವ ಬಗೆ

ಹೊಸದಾಗಿ ಹೋದವರು ಕಂಗಾಲಾಗುವುದು ಇಲ್ಲಿಯೇ. ಮೊದಲು ನೋಂದಣಿ ಕೌಂಟರಿನಲ್ಲಿ ಹೆಸರು ಬರೆಸಿ ಕಾರ್ಡು ಪಡೆಯಬೇಕು. ಅಲ್ಲಿಂದ ಓರಲ್ ಮೆಡಿಸಿನ್ ಎಂಬ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಚಿಕಿತ್ಸೆ ಆಗುವುದಿಲ್ಲ. ಇಡೀ ಬಾಯಿ ನೋಡಿ, ಬೇಕಾದರೆ ಎಕ್ಸ್‌ರೇ ತೆಗೆಸಿ, ಯಾವ ವಿಭಾಗಕ್ಕೆ ಹೋಗಬೇಕೆಂದು ಬರೆಯುತ್ತಾರೆ. ಹಲ್ಲು ಕೀಳಲು ಒಂದು, ಸಿಮೆಂಟ್ ಮತ್ತು ರೂಟ್ ಕೆನಾಲಿಗೆ ಒಂದು, ಒಸಡು ಮತ್ತು ಕ್ಲೀನಿಂಗಿಗೆ ಒಂದು, ಕಟ್ಟಿಸುವ ಹಲ್ಲಿಗೆ ಒಂದು, ಮಕ್ಕಳಿಗೆ ಬೇರೆಯೇ ಒಂದು. ‘ನೋವಿರೋ ಹಲ್ಲು ಇದು, ಇದನ್ನ ಕಿತ್ತು ಕಳಿಸಿ’ ಎಂದು ನೇರವಾಗಿ ಕುರ್ಚಿಗೆ ಹೋಗಲು ಬರುವುದಿಲ್ಲ. ಮೊದಲ ದಿನ ಬೇಗ ಹೋಗಿ, ಮಧ್ಯಾಹ್ನದವರೆಗಾದರೂ ಸಮಯ ಇಟ್ಟುಕೊಳ್ಳಿ.

ಎಲ್ಲವೂ ಪೂರ್ತಿ ಉಚಿತ ಎಂದುಕೊಂಡು ಹೋಗಬೇಡಿ. ಹೊರಗಿನ ಕ್ಲಿನಿಕ್ಕಿಗಿಂತ ಬಹಳ ಕಡಿಮೆ ದುಡ್ಡು ಎಂಬುದು ನಿಜ, ಆದರೆ ಎಕ್ಸ್‌ರೇಗೆ ಇಷ್ಟು, ಕ್ಯಾಪಿಗೆ ಇಷ್ಟು ಎಂದು ಇರುತ್ತದೆ. ಕೆಲಸ ಶುರುವಾಗುವ ಮೊದಲೇ ‘ಒಟ್ಟು ಎಷ್ಟಾಗತ್ತೆ, ಎಷ್ಟು ಸಲ ಬರಬೇಕು?’ ಎಂದು ಕೇಳಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

‘ಕಲಿಯೋ ಹುಡುಗ್ರ ಕೈಗೆ ಬಾಯಿ ಕೊಡೋದಾ?’ ಎಂಬ ಅಳುಕು ಬಹಳ ಜನರಿಗಿದೆ. ನನ್ನ ಮಾತು ಕೇಳುವುದಾದರೆ, ಕೊಡಿ. ವಿದ್ಯಾರ್ಥಿ ಒಂದೊಂದು ಹಂತ ಮುಗಿಸಿದಾಗಲೂ ಮೇಲಿನ ಡಾಕ್ಟರು ಬಂದು ನೋಡಿ ಸಹಿ ಮಾಡಿದ ಮೇಲೆಯೇ ಮುಂದಿನ ಹಂತ. ಕಷ್ಟದ ಕೆಲಸಗಳನ್ನು ಪಿ.ಜಿ. ಡಾಕ್ಟರು ಅಥವಾ ಮೇಷ್ಟರೇ ಮಾಡುತ್ತಾರೆ. ತೊಡಕು ಇರುವುದು ನಿಧಾನದಲ್ಲಿ. ಹೊರಗೆ ಅರ್ಧ ಗಂಟೆಯಲ್ಲಿ ಮುಗಿಯುವುದು ಇಲ್ಲಿ ಎರಡು ಗಂಟೆ ಹಿಡಿಯಬಹುದು. ಜೊತೆಗೆ ಆ ವಿದ್ಯಾರ್ಥಿಗೆ ಪರೀಕ್ಷೆ ಬರುತ್ತದೆ, ಒಂದು ವಿಭಾಗದಿಂದ ಇನ್ನೊಂದಕ್ಕೆ ಬದಲಾಗುತ್ತಾನೆ. ಆದ್ದರಿಂದ ಡಾಕ್ಟರ ಹೆಸರು, ವಿಭಾಗ, ಕಾರ್ಡಿನ ನಂಬರು ಮೂರನ್ನೂ ಬರೆದಿಟ್ಟುಕೊಳ್ಳಿ. ಕಾರ್ಡಿನ ಫೋಟೋ ಫೋನಿನಲ್ಲಿರಲಿ. ‘ಹೋದ ತಿಂಗಳು ಉದ್ದಕ್ಕಿದ್ದ ಹುಡುಗಿ ನೋಡಿದ್ಲು’ ಎಂದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ರೂಟ್ ಕೆನಾಲ್ ಶುರು ಮಾಡಿದ ಮೇಲೆ ನಡುವೆ ಬಿಡಬಾರದು. ಮೊದಲ ಸಲಕ್ಕೇ ನೋವು ನಿಲ್ಲುತ್ತದೆ, ನೋವು ನಿಂತಿತೆಂದು ಜನ ಹೋಗುವುದನ್ನೇ ಬಿಡುತ್ತಾರೆ. ಮೇಲಿನ ತಾತ್ಕಾಲಿಕ ಸಿಮೆಂಟು ಕೆಲವೇ ವಾರಗಳಲ್ಲಿ ಸವೆದು ಮತ್ತೆ ಕೀವು ತುಂಬುತ್ತದೆ. ಎಲ್ಲ ಮುಗಿದ ಮೇಲೂ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದೆ ಬಿಟ್ಟರೆ ಒಂದು ದಿನ ರೊಟ್ಟಿ ಕಡಿಯುವಾಗಲೇ ಸೀಳುತ್ತದೆ. ಕ್ಯಾಪಿಗೆ ದುಡ್ಡು ಹೊಂದುವುದಿಲ್ಲ ಎನಿಸಿದರೆ ಮೊದಲೇ ಡಾಕ್ಟರಿಗೆ ಹೇಳಿ. ಕೀಳಿಸುವುದೇ ಮೇಲೋ ಉಳಿಸಿಕೊಳ್ಳುವುದೋ ಎಂದು ಆಗ ಇಬ್ಬರೂ ಕೂತು ಯೋಚಿಸಬಹುದು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ಹಳೇ ಭಯ. ಸಡಿಲವಾಗಿದ್ದ ಹಲ್ಲನ್ನು ಕಿಟ್ಟ ಹಿಡಿದುಕೊಂಡಿತ್ತು, ಕಿಟ್ಟ ಹೋದ ಮೇಲೆ ಅದರ ನಿಜಸ್ಥಿತಿ ಗೊತ್ತಾಗುತ್ತದೆ, ಅಷ್ಟೇ.

ಹಲ್ಲಿನ ಸೆಟ್ ಬೇಕಾದ ಹಿರಿಯರು ತಾಳ್ಮೆ ಇಟ್ಟುಕೊಂಡೇ ಬರಬೇಕು. ಉಳಿದ ಹಲ್ಲು ಕೀಳಿಸಿದ ಮೇಲೆ ಒಸಡು ಗಟ್ಟಿಯಾಗಲು ಆರು ವಾರದಿಂದ ಮೂರು ತಿಂಗಳು ಬೇಕು. ಆಮೇಲೆ ಅಚ್ಚು ತೆಗೆಯುವುದು, ಕಚ್ಚಿಸಿ ಅಳತೆ ನೋಡುವುದು, ಮೇಣದ ಮೇಲೆ ಹಲ್ಲು ಕೂರಿಸಿ ತೋರಿಸುವುದು, ಕೊನೆಗೆ ಕೊಡುವುದು, ಚುಚ್ಚುವ ಕಡೆ ತಿದ್ದುವುದು, ಹೀಗೆ ಐದಾರು ಸಲದ ಓಡಾಟ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ ದಂತ ಕಾಲೇಜುಗಳ ಮೂಲಕ ತಂದಿದೆ. ಹೆಸರು ಬರೆಸುವಾಗಲೇ ಬಿಪಿಎಲ್ ಕಾರ್ಡು ತೋರಿಸಿ ಅದರಡಿ ಆಗುತ್ತದೆಯೇ ಎಂದು ವಿಚಾರಿಸಿ. ದುಡ್ಡು ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಅಡಿಕೆ ಸೀಮೆಯವರು, ಬೋರ್‌ವೆಲ್ ನೀರಿನವರು

ಚನ್ನಗಿರಿ ಕಡೆ ಅಡಿಕೆ ಬೆಳೆಯೇ ಬದುಕು, ಅದರ ಬಗ್ಗೆ ಕೆಟ್ಟ ಮಾತಾಡಿದರೆ ಯಾರಿಗೂ ಹಿಡಿಸುವುದಿಲ್ಲ. ಆದರೂ ಹೇಳಬೇಕು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಗುಟ್ಕಾ, ಅಡಿಕೆ ಹಾಕುವವರು ಕನ್ನಡಿ ಮುಂದೆ ನಿಂತು ತಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ ಇಟ್ಟು ನೋಡಲಿ. ಬೆರಳು ಹಿಡಿಸದಿದ್ದರೆ, ಸಾರಿನ ಖಾರ ತಾಕಿದರೆ ಬಾಯಿ ಉರಿದರೆ, ಕೆನ್ನೆಯ ಒಳಗೆ ಬಿಳಿ ಪಟ್ಟಿಯಂತೆ ಬಿಗಿದಿದ್ದರೆ, ಹಲ್ಲುನೋವಿಗಾಗಿ ಕಾಯದೆ ಓರಲ್ ಮೆಡಿಸಿನ್ ವಿಭಾಗಕ್ಕೆ ತೋರಿಸಿ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಅದು ನೋಯದಿದ್ದರೂ ಸರಿ, ಕಡ್ಡಾಯವಾಗಿ ತೋರಿಸಬೇಕಾದದ್ದು. ಚಟ ಬಿಡಲು ನೆರವು ಬೇಕಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 1800112356 ಇದೆ.

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕಂದು ಕಲೆಯ ಹಲ್ಲಿನ ಕತೆ ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಆಳದ ಬೋರ್‌ವೆಲ್ ನೀರಿನಲ್ಲಿ ಅದು ಹೆಚ್ಚಿರುತ್ತದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲೇ ಆ ಕಲೆ ಕೂತಿರುವುದರಿಂದ ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಉಜ್ಜಿದರೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ. ಬರೀ ಕ್ಲೀನಿಂಗಿನಿಂದಲೂ ಹೋಗದು. ಮದುವೆಗೆ ಮುಂಚೆ ಹೇಗಾದರೂ ಬೆಳ್ಳಗಾಗಬೇಕು ಎನ್ನುವವರು ಕಾಲೇಜಿನಲ್ಲಿ ಕೇಳಲಿ, ಕಲೆ ಎಷ್ಟು ಆಳವಿದೆ ಎಂಬುದರ ಮೇಲೆ ದಾರಿಗಳಿವೆ. ಮನೆಯ ಚಿಕ್ಕ ಮಕ್ಕಳಿಗೆ ಮಾತ್ರ ಈಗಿನಿಂದಲೇ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಸಿ.

ಶಿಬಿರದಲ್ಲಿ ನೋಡಿಸಿಕೊಂಡರೆ

ಶಾಲೆಯಲ್ಲೋ ಮಠದ ಆವರಣದಲ್ಲೋ ನಡೆಯುವ ಶಿಬಿರ ನೋಡಿ ಹೇಳುವುದಕ್ಕೆ ಇರುವಂಥದ್ದು. ಅಲ್ಲಿ ಕೊಡುವ ಚೀಟಿಯೇ ಮುಖ್ಯ, ಅದನ್ನು ತೋರಿಸಿದರೆ ಕೆಲವು ಕಡೆ ಆಸ್ಪತ್ರೆಯಲ್ಲಿ ರಿಯಾಯಿತಿ ಇರುತ್ತದೆ. ಎಷ್ಟು ದಿನದೊಳಗೆ ಬರಬೇಕೆಂದು ಕೇಳಿಕೊಳ್ಳಿ. ಅಲ್ಲೇ ಹಲ್ಲು ಕೀಳುತ್ತೇವೆ ಎಂದರೆ ನಾನಾದರೆ ಎರಡು ವಿಷಯ ನೋಡುತ್ತೇನೆ: ಉಪಕರಣಗಳನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆ ಮುಚ್ಚಿದ ಕವರಿನಿಂದ ತೆಗೆಯುತ್ತಿದ್ದಾರೆಯೇ, ರಾತ್ರಿ ರಕ್ತ ನಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು. ಎರಡಕ್ಕೂ ಉತ್ತರ ಸಿಗದಿದ್ದರೆ ಆಸ್ಪತ್ರೆಯ ಕುರ್ಚಿಯೇ ವಾಸಿ.

ದೊಡ್ಡ ಕಾಯಿಲೆ ಎಂದು ಗೊತ್ತಾದರೆ

ಉಚಿತ ಕ್ಲಿನಿಕ್ಕಿನವರು ‘ಆಪರೇಷನ್ ಆಗ್ಬೇಕು’ ಎಂದಾಗ ಮೊದಲು ಹೊಳೆಯುವುದು ಬಡ್ಡಿ ಸಾಲ. ಅದಕ್ಕೂ ಮುಂಚೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಜನ ಎಡವುವುದು ಒಂದು ಕಡೆ: ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಸೇರಬೇಕಾದರೆ, ತುರ್ತು ಸಂದರ್ಭ ಬಿಟ್ಟು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಟ್ರಸ್ಟಿನ ಕ್ಲಿನಿಕ್ಕಿನ ಡಾಕ್ಟರು ಎಷ್ಟೇ ಹೆಸರುವಾಸಿಯಾದರೂ ಅವರ ಚೀಟಿ ಅದಕ್ಕೆ ನಡೆಯುವುದಿಲ್ಲ. ಆದ್ದರಿಂದ ಅವರ ಚೀಟಿ ಹಿಡಿದು ನೇರ ಸಿ.ಜಿ. ಆಸ್ಪತ್ರೆಗೆ ಹೋಗಿ, ಅಲ್ಲಿ ‘ಆರೋಗ್ಯ ಮಿತ್ರ’ ಎಲ್ಲಿ ಕೂರುತ್ತಾರೆ ಎಂದು ಕೇಳಿ. ಮುಂದಿನ ಕಾಗದಪತ್ರಕ್ಕೆ ದಾರಿ ತೋರಿಸಲೆಂದೇ ಅವರಿರುವುದು. ಹುಳುಕಿಗೆ ಸಿಮೆಂಟು ಹಾಕಿಸಲು ಈ ಕಾರ್ಡು ಉಪಯೋಗಕ್ಕೆ ಬಾರದು. ಬಾಯಿ ಕ್ಯಾನ್ಸರಿನಂಥ ದೊಡ್ಡ ಚಿಕಿತ್ಸೆಗೆ ಬರುತ್ತದೆ.

ಮನೆಗೆ ಬಂದ ಮೇಲೆ

ಹಲ್ಲು ಕಿತ್ತ ಜಾಗದಲ್ಲಿ ಇಟ್ಟ ಹತ್ತಿಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ಉಗುಳಬೇಡಿ, ಉಗುಳು ನುಂಗಿ. ಪದೇ ಪದೇ ಉಗುಳಿದರೆ, ಬಾಯಿ ಮುಕ್ಕಳಿಸಿದರೆ, ಎಳನೀರನ್ನು ಕೊಳವೆಯಲ್ಲಿ ಹೀರಿದರೆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ. ಮೂರನೇ ದಿನಕ್ಕೆ ಶುರುವಾಗುವ ಆ ಒಣ ಗುಳಿಯ ನೋವು ಮೂಲ ಹಲ್ಲುನೋವಿಗಿಂತ ಭಾರಿ. ಬಸ್ಸಿನ ಕಿಟಕಿ ಪಕ್ಕ ಕೂತು ಊರು ಮುಟ್ಟುವವರೆಗೆ ಉಗುಳುತ್ತಾ ಹೋಗುವವರು ಇದನ್ನು ಕೇಳಿಸಿಕೊಳ್ಳಬೇಕು. ಆವತ್ತು ತಣ್ಣಗಿನ ಮೊಸರನ್ನವೋ ಆರಿದ ಗಂಜಿಯೋ ಸಾಕು, ಬಿಸಿ ಚಹಾ, ಬೀಡಿ, ಎಲೆಅಡಿಕೆ ಬೇಡ. ಮಾರನೇ ದಿನದಿಂದ ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ಮೆಲ್ಲಗೆ ಮುಕ್ಕಳಿಸಿ. ಮರಗಟ್ಟಿದ್ದು ಇಳಿಯಲು ಎರಡು ಮೂರು ಗಂಟೆ ಬೇಕು. ಅಲ್ಲಿಯವರೆಗೆ ಮಕ್ಕಳು ತುಟಿ, ಕೆನ್ನೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ.

ಕೊಟ್ಟ ಗುಳಿಗೆಯನ್ನು ಬರೆದಷ್ಟು ದಿನ ಮುಗಿಸಿ, ಉಳಿದದ್ದನ್ನು ಪಕ್ಕದ ಮನೆಯವರ ಹಲ್ಲುನೋವಿಗೆ ಹಂಚಬೇಡಿ. ಹೊರಗೆ ಕೊಳ್ಳಬೇಕಾಗಿ ಬಂದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆಗೆ ಸಿಗುತ್ತದೆ, ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಯಲು ಡಾಕ್ಟರನ್ನು ಕೇಳಿ.

ಮುಂದಿನ ತಾರೀಖು ಕೊಟ್ಟಿದ್ದರೆ ಅದನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆವತ್ತು ಊರ ಜಾತ್ರೆಯೋ ಭತ್ತದ ಕೊಯ್ಲೋ ಬಂದು ಹೋಗಲಾಗದಿದ್ದರೆ ಹಿಂದಿನ ದಿನವೇ ಒಂದು ಫೋನ್ ಮಾಡಿ, ಬೇರೆ ತಾರೀಖು ಬರೆಸಿಕೊಳ್ಳಿ. ನಿಮ್ಮ ಹೊತ್ತಿಗೆ ಕಾಯುತ್ತಿರುವ ಇನ್ನೊಬ್ಬರನ್ನು ಕೂರಿಸುತ್ತಾರೆ.